ಗಿಳಿಯ ಒಡತಿ

ಹಸಿಮೆಣಸಿನಕಾಯಿ ಕೊಟ್ಟರೂ ನಡೆದೀತು, ಉಳ್ಳಾಗಡ್ಡಿಯ ಚೂರು ಮಾತ್ರ ಗಿಳಿಯ ಬುಟ್ಟಿಯ ಹತ್ತಿರ ಸುಳಿಯಬಾರದು. ಅದು ಕುಡಿಯುವ ನೀರನ್ನು ತೆಳು ಅರಿವೆಯಲ್ಲಿ ಸೋಸಬೇಕು. ಹೊತ್ತು ಮುಳುಗಿದ ಮೇಲೆ ಅದರ ಮುಂದೆ ಒಂದು ಕಾಳನ್ನೂ ಇಡಬಾರದು. ಬೆಳಗಾವಿಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ತಾಯಿ ನೀಲವ್ವ ಹೊರಡಿಸಿದ ಈ ಕಾಯಿದೆಗಳ ಮುಂದೆ, ಗೆಳೆಯರೇ, ಆ ಕಾಲದ ಕಲೆಕ್ಟರ್ ಸಾಹೇಬರ ಹುಕುಮುಗಳೂ ಸಪ್ಪೆ. ನಾವೋ ವಿಭೂತಿ ಧರಿಸಿ ಲಿಂಗಪೂಜೆ ಮಾಡುವವರು, ಉಳ್ಳಾಗಡ್ಡಿಯಿಲ್ಲದೆ ನಮಗೆ ರೊಟ್ಟಿ ಗಂಟಲಲ್ಲಿ ಇಳಿಯದು. ಆದರೆ ಗಿಳಿ ಜೈನರ ಮನೆಯದೆಂದು ಅವ್ವ ತೀರ್ಮಾನಿಸಿಬಿಟ್ಟಿದ್ದಳು.

ಅವಳ ತೀರ್ಮಾನಕ್ಕೆ ಆಧಾರವಿತ್ತು. ಹಿತ್ತಿಲ ಹುಣಸೆಮರದ ಕೆಳಗೆ ಕಾಗೆಗಳು ಮುತ್ತಿ ಕುಕ್ಕುತ್ತಿದ್ದ ಆ ಜೀವವನ್ನು ಅವಳೇ ಸೆರಗು ಬೀಸಿ ಬಿಡಿಸಿ ತಂದು, ರೆಕ್ಕೆಯ ಗಾಯಕ್ಕೆ ಅರಿಸಿನ ಮೆತ್ತಿ, ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದ್ದಳು. ಮರುದಿನ ಬೆಳಕು ಹರಿಯುತ್ತಲೇ ಅದು ಕೊರಳುಬ್ಬಿಸಿ, ಬಸದಿಯಲ್ಲಿ ಕೂತವರ ಧಾಟಿಯಲ್ಲಿ "ಣಮೋ, ಣಮೋ" ಎಂದಿತು. ಅಂದಿನಿಂದಲೇ ಈ ನೇಮಗಳು ಜಾರಿಗೆ ಬಂದವು. ಸಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ನಗು ತಡೆಯಲಿಲ್ಲ.

"ಗಿಳಿಗೆಲ್ಲಿ ಜಾತಿಯವ್ವಾ?" ಎಂದೆ.

"ಜಾತಿ ಅಲ್ಲೋ ತಮ್ಮಾ, ನೇಮ. ಮಂದಿ ಮನಿ ಕೂಸು ನಮ್ಮಲ್ಲಿ ನಾಕ್ ದಿನ ಇದ್ರ, ಅದರ ನೇಮ ನಾವು ಕೆಡಸಬಾರ್ದು."

ಪರರ ವಸ್ತುವನ್ನು ಕಾಯುವಾಗ ಮನುಷ್ಯ ತನ್ನದಕ್ಕಿಂತ ಹೆಚ್ಚು ಜೋಪಾನ ತೋರಿಸುತ್ತಾನೆ. ಆ ಜೋಪಾನವೇ ಮೆಲ್ಲಗೆ ಬೇರು ಬಿಟ್ಟು, ಕೊಡಬೇಕಾದ ದಿನ ಬಂದಾಗ ಕೀಳಲು ಹೋದರೆ ಮಣ್ಣಿನ ಸಮೇತ ಬರುತ್ತದೆ. ಅಪ್ಪ ತೀರಿಹೋದ ಮೇಲೆ ಬೀಡಿ ಎಂಬ ನಮ್ಮೂರಿನ ಹೊಲಮನೆಗಳನ್ನು ದಾಯಾದಿಗಳಿಗೆ ಒಪ್ಪಿಸಿ ನನ್ನ ಜೊತೆ ಬಂದಿದ್ದ ಅವ್ವ, ನಾನು ಸಾಲೆಗೆ ಹೋದರೆ ಹೊತ್ತು ಮುಳುಗುವತನಕ ಮಾತಿಗೆ ಜೊತೆಯಿಲ್ಲದೆ ಕೂರುತ್ತಿದ್ದವಳು. ಈಗ ಬೀದಿಯ ತಿರುವಿನಲ್ಲೇ ಅವಳ ದನಿ ಕೇಳುತ್ತಿತ್ತು. ತವರಿನ ಸುದ್ದಿ, ಸೊಂಟದ ನೋವು, ನನ್ನ ಮದುವೆಯ ಚಿಂತೆ ಎಲ್ಲವನ್ನೂ ಗಿಳಿಗೆ ಒಪ್ಪಿಸಿ ಹಗುರಾಗುತ್ತಿದ್ದಳು. ಒಡೆಯರನ್ನು ಹುಡುಕೆಂದು ನನ್ನನ್ನು ಅಟ್ಟುತ್ತಿದ್ದವಳೂ ಅವಳೇ. ಸಂಜೆ "ಸಿಕ್ಕರೇನೋ?" ಎಂದು ಕೇಳುವಳು, ಇಲ್ಲವೆಂದರೆ "ಅಯ್ಯ, ಪಾಪ" ಎಂದು ನಿಟ್ಟುಸಿರು ಬಿಡುವಳು. ಆ ನಿಟ್ಟುಸಿರಿನಲ್ಲಿ ದುಃಖದ ಪಾಲು ಬಹಳ ಕಡಿಮೆಯಿರುತ್ತಿತ್ತೆಂದು ಹೇಳಿದರೆ ಅವಳಿಗೆ ಅನ್ಯಾಯವಾಗಲಾರದು.

ಜೈನರ ಓಣಿಗಳಲ್ಲಿ ಕೇಳಿ ಕೇಳಿ ಸೋತು, ಕೊನೆಗೆ ಬಸದಿಯ ಪೂಜಾರಿಗಳನ್ನು ವಿಚಾರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಕಳದದ್ದಲ್ರೀ ಮಾಸ್ತರ, ಬಿಟ್ಟದ್ದು. ಖಾನಾಪುರದ ಪದ್ಮಕ್ಕ ಪರ್ವದ ಪೂಜಿಗೆ ಬಂದಾಗ ಇಲ್ಲೇ ಅಂಗಳದಾಗ ಪಂಜರ ತಗದು ಹಾರಿಸಿದ್ರು. ಪರಿಗ್ರಹ ಕಡಿಮಿ ಮಾಡ್ಕೊಳ್ಳೋ ವ್ರತ ಹಿಡದಾರ."

ತನ್ನದೆಂಬುದಕ್ಕೆ ಒಂದು ಮಿತಿ ಹಾಕಿಕೊಂಡು ಉಳಿದದ್ದನ್ನು ತೊರೆಯುವ ವ್ರತವದು. ಉಳ್ಳವರು ಬಂಗಾರ ಬಿಡುತ್ತಾರೆ, ಹೊಲ ಬಿಡುತ್ತಾರೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಆಸರೆಯಲ್ಲಿದ್ದ ಪದ್ಮಕ್ಕನಿಗೆ ತನ್ನದೆನ್ನಲು ಇದ್ದದ್ದು, ಕಣಕುಂಬಿಯ ಕಾಡಿನಿಂದ ಯಾರೋ ಮರಿಯಾಗಿ ತಂದುಕೊಟ್ಟಿದ್ದ ಈ ಗಿಳಿಯೊಂದೇ. ಅದನ್ನೇ ಬಿಟ್ಟಿದ್ದರು.

"ಬಿಟ್ಟಾರಂದ ಮ್ಯಾಲ ಇನ್ನ ನಮ್ಮದ ಆತು!" ಎಂದ ಅವ್ವನ ಮುಖ ಅಂದು ಅರಳಿದ್ದನ್ನು ನಾನು ಮರೆಯಲಾರೆ. ಆದರೆ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತವಳು ಇದ್ದಕ್ಕಿದ್ದಂತೆ ಅಂದಳು: "ಆಕಿ ಅದು ಕಾಡಿನ್ಯಾಗ ಹಾಡಕೊಂತ ಐತಿ ಅಂತ ತಿಳದಿರ್ತಾಳ. ಖರೇ ಏನಂತ ಹೇಳಿ ಬರೂಣು."

ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಬುಟ್ಟಿ ಅವ್ವನ ತೊಡೆಯ ಮೇಲೇ ಇತ್ತು. ಪದ್ಮಕ್ಕ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. "ಬರ್ರಿ, ಯಾರು ಬೇಕಾಗಿತ್ತು?" ಎಂಬ ಅವರ ಮಾತು ಮುಗಿಯುವ ಮೊದಲೇ ಬುಟ್ಟಿಯೊಳಗಿನ ಜೀವ ಹುಚ್ಚೆದ್ದು ಕೂಗತೊಡಗಿತು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು, ಅವು ತಮ್ಮ ಮಾತು ಕೇಳಲಾರವೆಂಬ ಹೆದರಿಕೆಯಿಂದಲೋ ಏನೋ.

"ಇದು ಈಗ ನನ್ನದಲ್ರೀ. ಬಿಟ್ಟೀನಿ."

ಅವ್ವ ಗಿಳಿಯನ್ನು ಹೊರತೆಗೆದು ರೆಕ್ಕೆ ಬಿಡಿಸಿ ತೋರಿಸಿದಳು. "ಪಂಜರದಾಗ ಬೆಳದದ್ದು ತಂಗಿ, ನೆಟ್ಟಗ ಹಾರಾಕ ಬರಂಗಿಲ್ಲ ಇದಕ್ಕ. ಕಾಗಿ ಬಾಯಾಗ ಸಿಕ್ಕಿತ್ತು."

ಪದ್ಮಕ್ಕ ಗೋಡೆಗೆ ಒರಗಿದರು. "ಅಭಯ ಕೊಟ್ಟೆ ಅಂತ ತಿಳದಿದ್ದೆರೀ ಅವ್ವಾರ," ಎಂದರು. "ಕಾಗಿಗೆ ಕೊಟ್ಟಿದ್ದೆ."

ಕಲಿತವನೆಂಬ ಜಂಬದಲ್ಲಿ ನಾನೊಂದು ಉಪಾಯ ಹೇಳಿದೆ: ಗಿಳಿ ನಮ್ಮದೆಂದೇ ಇರಲಿ, ನೀವು ಸುಮ್ಮನೆ ಸಾಕಿ, ವ್ರತಕ್ಕೆ ಭಂಗವಿಲ್ಲ. ಆಕೆ ಕಣ್ಣೀರಿನ ನಡುವೆಯೇ ನಕ್ಕರು.

"ಹೆಸರು ಬದಲ ಮಾಡಿದ್ರ ಮೋಹ ಬದಲ ಆಗ್ತೈತೇನ್ರಿ ಮಾಸ್ತರ? ವ್ರತ ಮುರದೆ ಅಂತ ಖರೇ ಹೇಳಿ ಪ್ರಾಯಶ್ಚಿತ್ತ ತಗೋತೀನಿ. ನನ್ನ ಪುಣ್ಯಕ್ಕ ಇದರ ಜೀವ ಹೋಗೂದು ಬ್ಯಾಡ."

ಸೆರಗಿನಿಂದ ಕೈಗಳು ಹೊರಬಂದವು. ಗಿಳಿ ಒಂದು ಸಲವೂ ಹಿಂದೆ ನೋಡದೆ, ಅವ್ವನ ಮುಂಗೈಯಿಂದ ಅವರ ಭುಜಕ್ಕೆ ಹತ್ತಿ ಕೂತು ಕಿವಿಯ ಬಳಿ ಗೊಣಗತೊಡಗಿತು. ನೆನೆಸಿದ ಕಡಲೆ ಕೊಡುವ ಮಾತು, ಅವ್ವ ಗಾಯಕ್ಕೆ ಎಷ್ಟು ಅರಿಸಿನ ಹಚ್ಚಬೇಕೆಂಬುದು, ಬೆಕ್ಕಿನ ಕಾಟ ಎಲ್ಲವನ್ನೂ ಹೇಳಿದಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ರೈಲಿಗೆ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು.

ತ್ಯಾಗದ ಬಗ್ಗೆ ನಾನು ಸಾಲೆಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆ. ಅದನ್ನು ವ್ರತವಾಗಿ ಹಿಡಿದವರಿಗೆ ದೇವರೂ ಗುರುಗಳೂ ಸಾಕ್ಷಿಯಿರುತ್ತಾರೆ, ಊರು ಕೈಮುಗಿಯುತ್ತದೆ; ಯಾವ ವ್ರತವೂ ಇಲ್ಲದೆ, ಬರೀ ನ್ಯಾಯವೆಂದು ಕಂಡದ್ದಕ್ಕಾಗಿ ಪ್ರೀತಿಯ ವಸ್ತುವನ್ನು ಕೊಟ್ಟುಬರುವವರಿಗೆ ಯಾರೂ ಇರುವುದಿಲ್ಲ. ರೈಲು ದೇಸೂರು ನಿಲ್ದಾಣ ದಾಟುವತನಕ ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ಪದ್ಮಕ್ಕನವರದು ಎಷ್ಟು ದೊಡ್ಡ ಮನಸ್ಸು, ಅಷ್ಟು ಕಠಿಣ ವ್ರತವನ್ನೂ ಬದಿಗಿಟ್ಟರಲ್ಲ ಎಂದು ನಾನು ಮಾತು ತೆಗೆದೆ.

"ಹೂಂ," ಎಂದಳು ಅವ್ವ, ಕಣ್ಣು ಒರೆಸಿಕೊಳ್ಳುತ್ತ. "ವ್ರತ ಹಿಡದಾಕಿ ಆಕಿ. ಬಿಟ್ಟು ಬಂದಾಕಿ ನಾ."