ಅಳಿಸುವ ಮುನ್ನ ಕೇಳುವ ಸ್ವಪ್ನಾ

ಬೆಳಗಿನ ಐದೂ ಮುಕ್ಕಾಲು. ಹೊಸನಗರ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇನ್ನೂ ಮೊದಲ ಸುತ್ತಿನ ಇಡ್ಲಿ ಇಳಿದಿಲ್ಲ. ಸ್ವಲ್ಪ ಮುಂದೆ ಸಹಕಾರ ಸಂಘದ ಶಾಖೆಯ ಷಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಸ್ವಪ್ನಾ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ಮೇಜುಗಳ ಕೆಳಗೆ ತೂರಿ ನೀಲಿ ವೈರ್ ಎಳೆಯುತ್ತಿದ್ದಾರೆ. ಹನ್ನೆರಡು ಕಂಪ್ಯೂಟರ್‌ಗಳ ವೈರುಗಳು ಒಂದು ಪುಟ್ಟ ಡಬ್ಬಕ್ಕೆ ಬಂದು ಸೇರುತ್ತವೆ, ಆ ಡಬ್ಬದಿಂದ ಅವರ ಹಳೆಯ ಲ್ಯಾಪ್‌ಟಾಪಿಗೆ ಒಂದು ವೈರು. ಅಷ್ಟಾದ ಮೇಲೆ ಎದ್ದು, ಮಂಡಿಯ ಧೂಳು ಕೊಡವಿ, ಒಂದೊಂದೇ ಕಂಪ್ಯೂಟರ್ ಆನ್ ಮಾಡಿ ಒಂದೊಂದು ಕೀ ಒತ್ತುತ್ತ ಸಾಲಿನ ಕೊನೆಯವರೆಗೆ ನಡೆಯುತ್ತಾರೆ. ಹನ್ನೆರಡು ಪರದೆಗಳ ಮೇಲೂ ಒಂದೇ ಥರದ ಬಿಳಿ ಅಕ್ಷರ ಓಡತೊಡಗುತ್ತದೆ. ಸ್ವಪ್ನಾ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂರುತ್ತಾರೆ.

"ಇನ್ನು ನಮ್ ಕೆಲ್ಸ ಎಂತದೂ ಇಲ್ಲ ಸರ್. ಇಡ್ಲಿ ಪಾತ್ರೆ ಒಲೆ ಮೇಲೆ ಇಟ್ಟಂಗೆ. ಹಿಟ್ಟು ಒಂದೇ, ಕುಳಿ ಹನ್ನೆರಡು. ಮಧ್ಯ ಮುಚ್ಚಳ ತೆಗೀಬಾರ್ದು ಅಷ್ಟೇ" ಎನ್ನುತ್ತಾರೆ.

ಹಳೆಯ ವಿಂಡೋಸ್‌ಗೆ ಇನ್ನು ಭದ್ರತೆಯ ಅಪ್‌ಡೇಟ್ ಬರುವುದಿಲ್ಲ ಎಂದಾದ ಮೇಲೆ ಅಡಿಕೆ ಮಂಡಿ, ಸಂಘ, ಸಣ್ಣಪುಟ್ಟ ಕಂಪನಿಗಳೆಲ್ಲ ಹೊಸದಕ್ಕೆ ಬದಲಾಗಬೇಕಾಗಿದೆ. ಕೈಯಿಂದ ಒಂದೊಂದಕ್ಕೇ ಹಾಕುತ್ತ ಕುಳಿತರೆ ಹನ್ನೆರಡಕ್ಕೆ ಮೂರು ದಿನ ಬೇಕು. ಸ್ವಪ್ನಾ ಅವರ ಪದ್ಧತಿಯಲ್ಲಿ ಒಂದೂ ಮುಕ್ಕಾಲು ಗಂಟೆ ಸಾಕು. ವಿಂಡೋಸ್ ಹಾಕುವಾಗ ಕಂಪ್ಯೂಟರ್ ನೂರೆಂಟು ಪ್ರಶ್ನೆ ಕೇಳುತ್ತದೆ: ಯಾವ ಭಾಷೆ, ಯಾವ ದೇಶದ ಸಮಯ, ಏನು ಹೆಸರು, ಯಾವ ಪ್ರಿಂಟರ್. ಅವಕ್ಕೆಲ್ಲ ಉತ್ತರ ಬರೆದ ಒಂದು ಫೈಲನ್ನು ಅವರು ಮೊದಲೇ ಸಿದ್ಧಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟಿರುತ್ತಾರೆ. ಕಂಪ್ಯೂಟರ್ ಕೇಳುತ್ತದೆ, ಫೈಲು ಹೇಳುತ್ತದೆ. ಕನ್ನಡ ಟೈಪಿಂಗ್ ಸಮೇತ ಎಲ್ಲ ತಾನಾಗಿಯೇ ಕೂರುತ್ತದೆ.

"ಮಿಷಿನ್ ಕೇಳೋದಕ್ಕೆ ಮೊದ್ಲೇ ಉತ್ರ ಬರ್ದಿಡ್ಬೋದು. ಜನಕ್ಕೆ ಕೇಳೋದು ಮಾತ್ರ ಬಾಯಲ್ಲೇ ಕೇಳ್ಬೇಕು" ಎಂದು ಸ್ವಪ್ನಾ ನನ್ನ ಮುಖ ನೋಡದೆ ಹೇಳುತ್ತಾರೆ. ನಾನು ಟಿಪ್ಪಣಿ ಪುಸ್ತಕದ ಕಡೆ ತಲೆ ತಗ್ಗಿಸುತ್ತೇನೆ.

ಎಲೆಮರೆಯ ಜನರನ್ನು ಪರಿಚಯಿಸುವ ಇಂಥ ಅಂಕಣದಲ್ಲಿ ಬರೆಯುವವನು ಮರೆಯಲ್ಲಿ ನಿಂತು ಬೇರೆಯವರನ್ನು ಮುಂದೆ ಮಾಡುವುದು ವಾಡಿಕೆ. ಈ ವಾರ ನನಗೆ ಆ ಸೌಕರ್ಯವಿಲ್ಲ. ಸ್ವಪ್ನಾ ಎಲೆಮರೆಗೆ ಸರಿದದ್ದು ತಾವಾಗಿ ಅಲ್ಲ, ಸರಿಸಿದವರಲ್ಲಿ ನಾನೂ ಒಬ್ಬ. ಒಬ್ಬ ಏನು ಬಂತು, ನಾನೇ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಸ್ವಪ್ನಾಗೆ ಮೂವತ್ಮೂರು ವರ್ಷ. ಮನೆ ಹೊಸನಗರದ ಅಂಚಿನಲ್ಲಿ. ತಂದೆ ಮಾಸ್ತಪ್ಪ ಮಂಡಿಯಲ್ಲಿ ಮೂಟೆ ಹೊತ್ತವರು, ತಾಯಿ ಪುಷ್ಪಮ್ಮ ಇಂದಿಗೂ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಡಿಪ್ಲೊಮಾ ಮುಗಿಸಿದ ಸ್ವಪ್ನಾ ಸಾಗರದಲ್ಲಿ ಉಮಾಮಹೇಶ್ವರ ಎಂಬವರ ಕಂಪ್ಯೂಟರ್ ಅಂಗಡಿಗೆ ಸೇರಿದರು. ಒಟ್ಟಿಗೆ ಹತ್ತು ಹದಿನೈದು ಕಂಪ್ಯೂಟರ್‌ಗೆ ವಿಂಡೋಸ್ ಹಾಕುವ ಈ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಕೆಟ್ಟ ಸಿಸ್ಟಮ್‌ಗಳನ್ನು ರಿಪೇರಿ ಮಾಡಿಟ್ಟುಕೊಂಡು ಎಂಟು ತಿಂಗಳು ತಾವೇ ಕಲಿತರು.

"ಮೊದ್ಲನೇ ಸಲ ನಾಕೂ ಒಟ್ಟಿಗೆ ಎದ್ದು ಕೂತಾಗ ಅಂಗಡೀಲಿ ಯಾರೂ ಇರ್ಲಿಲ್ಲ. ಅಮ್ಮಂಗೆ ಫೋನ್ ಮಾಡಿ ಹೇಳ್ದೆ. ಅಮ್ಮ, 'ಎಂತ ಎದ್ದಿದ್ದು? ಯಾರಿಗೆ ಹುಷಾರಿರ್ಲಿಲ್ಲ?' ಅಂತು" ಎಂದು ನಗುತ್ತಾರೆ.

ಈಗ ಅವರು ಸ್ವತಂತ್ರ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕು ತಿರುಗುತ್ತಾರೆ, ಬಸ್ಸಿನಲ್ಲೇ. ಬೆನ್ನ ಮೇಲಿನ ಬ್ಯಾಗು ಒಂಬತ್ತು ಕೆ.ಜಿ. ತೂಗುತ್ತದೆ. ತಿಂಗಳಿಗೆ ಅರವತ್ತು, ಹೆಚ್ಚೆಂದರೆ ಎಪ್ಪತ್ತು ಕಂಪ್ಯೂಟರ್. ಕಚೇರಿ ತೆರೆಯುವ ಮೊದಲೇ ಮುಗಿಯಬೇಕಾದ್ದರಿಂದ ಬೆಳಕು ಹರಿಯುವಾಗಲೇ ಕೆಲಸ. ಇವರ ಶತ್ರು ಕರೆಂಟು. ಮಂಡಗದ್ದೆಯ ಒಂದು ಮಂಡಿಯಲ್ಲಿ ಅರ್ಧದಲ್ಲಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಏಳು ಕಂಪ್ಯೂಟರ್ ಅತ್ತ ಹಳೆಯದೂ ಇಲ್ಲ ಇತ್ತ ಹೊಸದೂ ಇಲ್ಲ ಎಂಬಂತಾಗಿದ್ದವಂತೆ. ಮತ್ತೆ ಮೊದಲಿನಿಂದ ಮಾಡಿ ಮುಗಿಸುವಷ್ಟರಲ್ಲಿ ಮಾಲೀಕರು ಬಂದು ಬಾಗಿಲಲ್ಲಿ ನಿಂತಿದ್ದರು.

ಆದರೆ ಸ್ವಪ್ನಾ ಅವರ ಕೆಲಸದ ಕಷ್ಟದ ಭಾಗ ಬೆಳಿಗ್ಗೆಯದಲ್ಲ, ಹಿಂದಿನ ಸಂಜೆಯದು. ಹೊಸದು ಕೂರಬೇಕಾದರೆ ಹಳೆಯದು ಪೂರ್ತಿ ಅಳಿಯಬೇಕು. ಸಂಘದ ಲೆಕ್ಕಪತ್ರ ಕೇಂದ್ರ ಕಚೇರಿಯಲ್ಲಿ ಭದ್ರವಾಗಿರುತ್ತದೆ. ಸಿಬ್ಬಂದಿ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡದ್ದು ಮಾತ್ರ ಹೋದರೆ ಹೋಯಿತು. ಹಾಗಾಗಿ ಅವರು ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಎಲ್ಲರ ಎದುರು ಕೇಳುವುದಿಲ್ಲ. ಉಳಿದವರನ್ನು ಚಹಾಕ್ಕೆ ಕಳಿಸಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ. ಉತ್ತರವನ್ನು ಅವರವರ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಸುತ್ತಾರೆ.

"ನಾಕ್ ಜನರ ಎದ್ರಿಗೆ ಕೇಳಿದ್ರೆ ಎಲ್ರೂ ಎಂತದೂ ಇಲ್ಲ ಅಂತಾರೆ ಸರ್. ಆಫೀಸ್ ಕಂಪ್ಯೂಟರಲ್ಲಿ ಸ್ವಂತದ್ದು ಇಟ್ಕೊಂಡಿದ್ದೀನಿ ಅಂತ ಹೇಳೋಕೆ ಮರ್ಯಾದೆ ಪ್ರಶ್ನೆ. ಕಳ್ಕೊಂಡ್ರೂ ಸರಿ, ಹೇಳಲ್ಲ."

ನಿನ್ನೆ ಸಂಜೆ ನಾನೂ ಇದ್ದೆ. ಈ ಶಾಖೆಯ ಹಿರಿಯ ಗುಮಾಸ್ತೆ ವಿಶಾಲಮ್ಮ ಮೊದಲು, "ನಂದೆಂತ ಇರುತ್ತೆ ತಂಗಿ, ತೆಗಿ ತೆಗಿ" ಎಂದರು. ಸ್ವಪ್ನಾ ಪೆನ್ನು ಎತ್ತಲಿಲ್ಲ. "ವಿಶಾಲಕ್ಕ, ನಾನು ಯಾರಿಗೂ ಹೇಳಲ್ಲ. ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ" ಎಂದರು. ವಿಶಾಲಮ್ಮ ಬಾಗಿಲ ಕಡೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಬಾಯಿಬಿಟ್ಟರು. ಅವರ ತಾಯಿ ಹಾಡುತ್ತಿದ್ದ ಅರವತ್ತು ಹಸೆ ಹಾಡುಗಳನ್ನು, ಮದುವೆಮನೆಯ ಆ ಹಾಡುಗಳನ್ನು, ಊಟದ ಬಿಡುವಿನಲ್ಲಿ ಒಂದೊಂದೇ ಸಾಲು ಟೈಪ್ ಮಾಡಿಟ್ಟಿದ್ದರು. ಹಾಡುತ್ತಿದ್ದವರು ಈಗ ಇಲ್ಲ. ಸ್ವಪ್ನಾ ಅವನ್ನು ಪೆನ್‌ಡ್ರೈವಿಗೆ ಹಾಕಿ ಅವರ ಕೈಯಲ್ಲಿಟ್ಟರು. ಇದನ್ನು ಬರೆಯಲು ವಿಶಾಲಮ್ಮನವರೇ ಒಪ್ಪಿಗೆ ಕೊಟ್ಟಿದ್ದಾರೆ, ನನಗಿಂತ ಧೈರ್ಯವಂತರು.

ಏಕೆಂದರೆ ಮೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಸ್ವಪ್ನಾ ನನಗೆ ಕೇಳಿದ್ದರು. ಸಾಗರದ ನಮ್ಮ ಪತ್ರಿಕಾ ಕಚೇರಿಯ ಒಂಬತ್ತು ಕಂಪ್ಯೂಟರ್‌ಗಳಿಗೆ ಹೊಸ ವಿಂಡೋಸ್ ಹಾಕಲು ಉಮಾಮಹೇಶ್ವರರ ಅಂಗಡಿಯಿಂದ ಬಂದಿದ್ದರು. ಆಗಿನ್ನೂ ನೋಟ್‌ಬುಕ್ ಇರಲಿಲ್ಲ. ಎಲ್ಲರೂ ಕೂತಿದ್ದಾಗಲೇ, "ಉಳ್ಸೋದು ಏನಾದ್ರೂ ಇದ್ಯಾ ಸರ್?" ಎಂದರು. ಇಲ್ಲ ಎಂದೆ. "'ಹಳೇ ಬಿಲ್' ಅಂತ ಒಂದು ಫೋಲ್ಡರ್ ಇದೆ, ದೊಡ್ಡದಿದೆ" ಎಂದು ಇನ್ನೊಮ್ಮೆ ಕೇಳಿದರು. "ಅದೆಲ್ಲ ಕಸ, ಹೊಡೀರಿ" ಎಂದೆ.

ಅದು ಬಿಲ್ ಅಲ್ಲ. ನಾಲ್ಕು ವರ್ಷದಿಂದ ಕಚೇರಿಯ ವೇಳೆಯಲ್ಲಿ ಕದ್ದು ಬರೆಯುತ್ತಿದ್ದ ಒಂದು ಯಕ್ಷಗಾನ ಪ್ರಸಂಗ, ಮುನ್ನೂರ ಹನ್ನೆರಡು ಪದ್ಯ. ಈ ಪುರವಣಿಯಲ್ಲಿ ಹೊಸ ಪ್ರಸಂಗಗಳನ್ನೆಲ್ಲ ಸಿಪ್ಪೆ ಸುಲಿದು ಬರೆಯುವವನು ನಾನೇ. ಅಂಥವನು ತಾನೂ ಪ್ರಸಂಗ ಕಟ್ಟುತ್ತಿದ್ದಾನೆ ಎಂದು ಗೊತ್ತಾದರೆ ಪಕ್ಕದ ಮೇಜಿನವರು ನಗದೆ ಬಿಡುತ್ತಾರೆಯೇ? ಸ್ವಪ್ನಾ ಹೋದ ಮೇಲೆ ಸದ್ದಿಲ್ಲದೆ ನಕಲು ಮಾಡಿಕೊಳ್ಳೋಣ ಎಂದುಕೊಂಡೆ. ಅವರು ಹೋಗುವಷ್ಟರಲ್ಲಿ ಎಲ್ಲ ಅಳಿಯುತ್ತದೆ ಎಂಬುದು ಈ ಬುದ್ಧಿವಂತನಿಗೆ ಗೊತ್ತಿರಲಿಲ್ಲ.

ಮರುದಿನ ಖಾಲಿ ಪರದೆ ನೋಡಿ ಕೂಗಿಕೊಂಡೆ. ಎಲ್ಲರೂ ಓಡಿಬಂದು ಏನು ಹೋಯಿತು ಎಂದು ಕೇಳಿದರು. "ವಿಶೇಷಾಂಕದ ಫೋಟೋ. ಆ ಹುಡುಗಿ ಕೇಳಲೇ ಇಲ್ಲ" ಎಂದುಬಿಟ್ಟೆ. ಫೋಟೋಗಳು ಛಾಯಾಗ್ರಾಹಕರ ಹತ್ತಿರ ಇದ್ದವು, ವಿಶೇಷಾಂಕವೂ ಹೊರಬಂತು. ಆಡಿದ ಮಾತು ಮಾತ್ರ ಹಿಂದಕ್ಕೆ ಬರಲಿಲ್ಲ. ಅಂದು ಎರಡೂ ಸಲ ಕೇಳಿದ್ದನ್ನು ಕಿವಿಯಾರೆ ಕೇಳಿಸಿಕೊಂಡಿದ್ದ ಸಹೋದ್ಯೋಗಿಗಳೂ ಬಾಯಿಬಿಡಲಿಲ್ಲ. ದೂರು ಅಂಗಡಿಗೆ ಹೋಯಿತು. ಉಮಾಮಹೇಶ್ವರ ಸ್ವಪ್ನಾರನ್ನು ಹೊರಗಿನ ಕೆಲಸದಿಂದ ತೆಗೆದು ಪ್ರಿಂಟರಿಗೆ ಟೋನರ್ ತುಂಬಿಸಲು ಕೂರಿಸಿದರು. ಎರಡು ವರ್ಷ ಅವರು ಅದನ್ನೇ ಮಾಡಿದರು. 'ಕೇಳದೆ ಅಳಿಸುವವಳು' ಎಂಬ ಮಾತು ಆನಂದಪುರ ದಾಟಿ ತೀರ್ಥಹಳ್ಳಿಯವರೆಗೂ ಹೋಯಿತು.

ಏಳೂವರೆಗೆ ಹನ್ನೆರಡೂ ಪರದೆ ನೀಲಿಯಾಗಿ ಬೆಳಗುತ್ತವೆ. ಸಂಘದ ಕಾರ್ಯದರ್ಶಿ ಚಂದ್ರಯ್ಯ ಒಳಗೆ ಬಂದು ಪ್ರತಿಯೊಂದನ್ನೂ ಮುಟ್ಟಿ ನೋಡುತ್ತಾರೆ, ಕನ್ನಡದಲ್ಲಿ ತಮ್ಮ ಹೆಸರು ಹೊಡೆದು ಪ್ರಿಂಟ್ ತೆಗೆಯುತ್ತಾರೆ. ಇದು ಪರೀಕ್ಷೆ. ಮೂರು ತಾಲ್ಲೂಕುಗಳ ಇಪ್ಪತ್ಮೂರು ಶಾಖೆಗಳಲ್ಲಿ ನೂರ ನಲವತ್ತು ಕಂಪ್ಯೂಟರ್‌ಗಳಿವೆ. ಅವನ್ನು ಯಾರಿಗೆ ವಹಿಸಬೇಕು ಎಂದು ಸೋಮವಾರ ಆಡಳಿತ ಮಂಡಳಿ ತೀರ್ಮಾನಿಸುತ್ತದೆ.

"ಕೆಲ್ಸ ಚೊಕ್ಕ ಇದೆ ಕಣಮ್ಮ, ಅದ್ರಲ್ಲಿ ಎರಡು ಮಾತಿಲ್ಲ" ಎನ್ನುತ್ತಾರೆ ಚಂದ್ರಯ್ಯ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಆದ್ರೆ ಆ ಪೇಪರ್ ಆಫೀಸಿಂದು ಒಂದು ಕಥೆ ಇದೆಯಲ್ಲ. ಬೋರ್ಡಲ್ಲಿ ಯಾರಾದ್ರೂ ಎತ್ತೇ ಎತ್ತುತಾರೆ. ನಾನು ಎಂತ ಹೇಳ್ಲಿ?"

ಸ್ವಪ್ನಾ ವೈರು ಸುತ್ತುವುದನ್ನು ನಿಲ್ಲಿಸುವುದಿಲ್ಲ. "ನಾನು ಕೇಳಿದ್ದೆ ಸರ್" ಎನ್ನುತ್ತಾರೆ, ಅಷ್ಟೇ. ಮೂರು ಮಾರು ದೂರದಲ್ಲಿ ನಾನು ಚಹಾದ ಲೋಟ ಹಿಡಿದು ಕೂತಿದ್ದೇನೆ. ಆಗ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ಬರೆದ ಮೇಲೂ ಆ ಚಹಾದ ನೆನಪಾದರೆ ಮೈ ಹಿಡಿಯಾಗುತ್ತದೆ.

ತೀರ್ಥಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಆ ಪೇಪರ್ ಆಫೀಸಿನವನು ನಾನೇ ಎಂದು ಕೊನೆಗೂ ಬಾಯಿಬಿಡುತ್ತೇನೆ. ಸ್ವಪ್ನಾ ಅಚ್ಚರಿಪಡುವುದಿಲ್ಲ.

"ಗೊತ್ತು ಸರ್. ಲೇಖನ ಬರೀತೀನಿ ಅಂತ ನೀವು ಫೋನ್ ಮಾಡಿದ್ ದಿನಾನೇ ದನಿ ಗುರ್ತು ಸಿಕ್ತು."

"ಮತ್ತೆ ಯಾಕೆ ಒಪ್ಪಿದ್ರಿ?"

"ನೀವಾಗೇ ಹೇಳ್ತೀರೇನೋ ಅಂತ. ನಿನ್ನೆ ಸಂಜೆಯಿಂದ ಕಾಯ್ತಾ ಇದ್ದೆ. ಚಂದ್ರಯ್ಯೋರ ಎದ್ರಿಗೂ ಹೇಳ್ದೇ ಇದ್ದಾಗ, ಇನ್ ಬಿಡು ಅನ್ನಿಸ್ತು." ಬ್ಯಾಗನ್ನು ಬೆಂಚಿನ ಮೇಲೆ ಸರಿಸಿಟ್ಟು, "ಅದ್ರಲ್ಲಿ ಎಂತ ಇತ್ತು ಸರ್?" ಎನ್ನುತ್ತಾರೆ.

ಅಂದಿನ ಆ ಸುಳ್ಳಿನ ಬಳಿಕ ಮೂರು ವರ್ಷದಲ್ಲಿ ಯಾರೂ ನನ್ನನ್ನು ಮತ್ತೆ ಹಾಗೆ ಕೇಳಿರಲಿಲ್ಲ. ಹೇಳುತ್ತೇನೆ. ಅವರು ನಗುವುದಿಲ್ಲ. "ಛೆ, ನಾಕ್ ವರ್ಷದ್ದಾ" ಎಂದು ನಿಜವಾಗಿ ನೊಂದುಕೊಳ್ಳುತ್ತಾರೆ. "ಅವತ್ತು ಒಬ್ರೇ ಇದ್ದಾಗ ಕೇಳಿದ್ರೆ ಹೇಳ್ತಿದ್ರಾ?"

"ಹೇಳ್ತಿದ್ದೆ ಅನ್ಸುತ್ತೆ."

"ಹಂಗಾದ್ರೆ ನಂದೂ ತಪ್ಪಿತ್ತು. ಈಗ ಸರಿ ಮಾಡ್ಕೊಂಡಿದ್ದೀನಿ."

ಅವರದು ಏನೂ ತಪ್ಪಿರಲಿಲ್ಲ ಎನ್ನುತ್ತೇನೆ. ಲೇಖನದಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. "ದೊಡ್ಡ ದೊಡ್ಡ ಮಾತು ಎಂತದೂ ಬೇಡ ಸರ್. ಕೇಳಿದ್ಲು ಅಂತ ಒಂದ್ ಸಾಲು ಬರೀರಿ. ಭಾನುವಾರ ಬಂದ್ರೆ ಸೋಮವಾರಕ್ಕೆ ಚಂದ್ರಯ್ಯೋರಿಗೆ ಒಂದು ಉತ್ರ ಆಗುತ್ತೆ."

ಬರೆಯುತ್ತಿದ್ದೇನೆ. ಸ್ವಪ್ನಾ ಕೇಳಿದ್ದರು. ಎರಡು ಸಲ ಕೇಳಿದ್ದರು. ಸುಳ್ಳು ಹೇಳಿದವನು ನಾನು.

ಬಸ್ಸು ಬರುವಾಗ ಅವರು ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ನಿನ್ನೆ ನನಗೆ ತೋರಿಸದೇ ಬಿಟ್ಟಿದ್ದ ಮೊದಲ ಪುಟ ಬಿಡಿಸುತ್ತಾರೆ. ಒಂದನೇ ನಂಬರಿನ ಎದುರು ನಮ್ಮ ಕಚೇರಿಯ ಹೆಸರು, ನನ್ನ ಹೆಸರು. ಉತ್ತರದ ಜಾಗದಲ್ಲಿ ಅವರ ದುಂಡು ಅಕ್ಷರದಲ್ಲಿ 'ಅದೆಲ್ಲ ಕಸ, ಹೊಡೀರಿ' ಎಂದಿದೆ. ಸಹಿಯ ಜಾಗ ಇನ್ನೂ ಖಾಲಿ. ಪೆನ್ನು ತೆಗೆದು ಸಹಿ ಹಾಕುತ್ತೇನೆ. ಕೆಳಗೆ ಅಂದಿನ ತಾರೀಖು ಬರೆಯಲು ಹೊರಟಾಗ ಸ್ವಪ್ನಾ ಕೈ ಅಡ್ಡ ಹಿಡಿಯುತ್ತಾರೆ.

"ಇವತ್ತಿಂದೇ ಹಾಕಿ ಸರ್. ಈ ಬುಕ್ಕಲ್ಲಿ ಒಂದೂ ಸುಳ್ಳಿಲ್ಲ."