ಕೆಂಪಾಗದ ಮುಖ

ಶಾಲೆಯ ಆಡಳಿತ ಮಂಡಳಿಯವರೇ, ಕಪ್ಪು ಮೈಬಣ್ಣದ ಮಕ್ಕಳನ್ನು ನೀವು ಬಿಸಿಲಿನಲ್ಲಿ ಬಿಟ್ಟಿರಿ. ನಮ್ಮ ಮೈಯನ್ನು ಓದಲು ಬಾರದ ಶಿಕ್ಷಕರ ಕೈಗೆ ನಮ್ಮನ್ನು ಒಪ್ಪಿಸಿದಿರಿ. ಅವರಿಗೆ ಅದನ್ನು ಕಲಿಸುವ ಗೋಜಿಗೂ ಹೋಗಲಿಲ್ಲ.

ನಾನಾಗ ಏಳನೆಯ ತರಗತಿ. ಮಸ್ಕತ್ತಿನ ಆ ಬೆಳಗು ಕ್ರೀಡಾದಿನದ ಕವಾಯತಿನ ಅಭ್ಯಾಸ. ಮೈದಾನದಾಚೆಯ ಬೋಳು ಗುಡ್ಡಗಳು ನೀರಿನಲ್ಲಿ ನಿಂತಂತೆ ಅಲುಗುತ್ತಿದ್ದವು. ಮುಖ ಕೆಂಪಾದವರು ನೆರಳಿಗೆ ಹೋಗಬಹುದೆಂಬ ನಿಯಮವಿತ್ತು. ನಮ್ಮ ಮಿಸ್ ಸಾಲುಗಳ ನಡುವೆ ನಡೆಯುತ್ತ, ಕೆನ್ನೆ ನೋಡಿ ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. ಕಪ್ಪಗಿದ್ದ ನಾವು ಕೆಲವರು ಉಳಿದೆವು.

“ಮಿಸ್, ತಲೆ ಸುತ್ತುತ್ತಿದೆ.”

ಮೈಸೂರು ಕಡೆಯ ಅವರು ನನ್ನ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿದರು. “ಏನೂ ಆಗಿಲ್ವಲ್ಲೇ! ಗುಲ್ಬರ್ಗದ ಬಿಸಿಲು ಕುಡಿದು ಬೆಳೆದೋರು ನೀವು, ನಿಂಗೆ ಇದ್ಯಾವ ಲೆಕ್ಕ? ಡ್ರಾಮಾ ಸಾಕು, ಮಾರ್ಚ್ ಮಾಡು.”

ನಕ್ಕರು. ನಾನೂ ನಕ್ಕೆ. ಟಿಫಿನ್ ಮರೆತು ಬಂದ ದಿನ ತಮ್ಮ ಚಿತ್ರಾನ್ನವನ್ನೇ ನನಗೆ ಕೊಟ್ಟವರು ಅವರು.

ಆಮೇಲಿನದೆಲ್ಲ ನಿದ್ದೆಯೊಳಗೆ ನಡೆದಂತಿದೆ. ಡ್ರಮ್ಮಿನ ಸದ್ದು ಎಲ್ಲೋ ದೂರದ ಅಲೆಯಾಯಿತು. ಬಿಳಿ ಶೂಗಳು ತಮ್ಮಷ್ಟಕ್ಕೆ ತಾವೇ ನಡೆದವು. ಗುಡ್ಡಗಳು ಮೆಲ್ಲಗೆ ಹತ್ತಿರ ಬಂದು, ಏನೋ ಕೇಳುವವರಂತೆ ನನ್ನ ಮೇಲೆ ಬಾಗಿದವು.

ಕಣ್ಣು ತೆರೆದಾಗ ನನ್ನ ತಲೆ ಶಾಲಾ ಬಸ್ಸಿನ ಆಯಾ ಅವರ ತೊಡೆಯ ಮೇಲಿತ್ತು. ಆಫ್ರಿಕಾದ ಜಂಜಿಬಾರಿನಿಂದ ಬಂದ ಮನೆತನದ ಒಮಾನಿ ಹಿರಿಯರು, ನನಗಿಂತ ಕಪ್ಪು. ಅವರು ಕೆನ್ನೆ ನೋಡುತ್ತ ಕೂರಲಿಲ್ಲ. ಕೆಳರೆಪ್ಪೆ ಎಳೆದರು, ತುಟಿಯ ಒಳಭಾಗ ನೋಡಿದರು, ಕತ್ತಿಗೆ ಅಂಗೈ ಒತ್ತಿದರು. ಒದ್ದೆ ಬಟ್ಟೆ ಹೊದಿಸುತ್ತ ತಮ್ಮ ಹರಕು ಹಿಂದಿಯಲ್ಲಿ ಮಿಸ್ಸನ್ನು ಗದರಿದರು: “ಆಗ್ ಹೈ ಮೇಡಂ, ಆಗ್! ಮಾರ್ಚ್ ಖಲಾಸ್!” ಮೈಯೆಲ್ಲ ಬೆಂಕಿ ಎಂದಿದ್ದರು ಆಕೆ.

ಕರೆದೊಯ್ಯಲು ಬಂದ ಅವ್ವನಿಗೆ ಮಿಸ್, “ಮುಖದಲ್ಲಿ ಏನೂ ಕಾಣ್ಲಿಲ್ಲ ಕಣ್ರೀ,” ಎಂದರು. ಅವರ ಕಣ್ಣು ತುಂಬಿತ್ತು.

“ನನ್ನ ಮಗಳ ಮಾರಿ ಕೆಂಪಾಗಂಗಿಲ್ರೀ, ಮೇಡಂ. ಬಾಯಿ ಅದಲ್ರೀ ಅಕಿಗಿ, ಹೇಳ್ಯಾಳಲ್ಲ!”

ವಿಶ್ವವಿದ್ಯಾಲಯದಲ್ಲಿ ನಾನು ಜನಾಂಗ, ವರ್ಣ ಎಂದು ಓದಿದ ಪುಟಗಳೆಲ್ಲ ಕಡೆಗೆ ಅವ್ವನ ಆ ಮಾತಿನ ಬಳಿಗೇ ನನ್ನನ್ನು ತಂದು ನಿಲ್ಲಿಸಿದವು. ಪ್ರೀತಿ ಇದ್ದ ಮಾತ್ರಕ್ಕೆ ಕಣ್ಣಿಗೆ ಕಾಣುವುದಿಲ್ಲ; ಕಾಣುವುದನ್ನು ಕಲಿಯಬೇಕು.

ನನ್ನ ತಂಗಿ ಈಗ ಅದೇ ಶಾಲೆಯ ಆರನೆಯ ತರಗತಿಯಲ್ಲಿದ್ದಾಳೆ. ಅವಳದೂ ನನ್ನದೇ ಬಣ್ಣ. ಬರುವ ಭಾನುವಾರ, ಶಾಲೆಯ ವಾರ ಆರಂಭವಾಗುತ್ತಲೇ, ಅಭ್ಯಾಸ ಶುರು. ನಿಮ್ಮ ಸುತ್ತೋಲೆಯಲ್ಲಿ ಅದೇ ನಿಯಮ, ಒಂದಕ್ಷರವೂ ಬದಲಾಗದೆ.

ಆ ನಿಯಮವನ್ನು ಭಾನುವಾರಕ್ಕೆ ಮುನ್ನ ಹಿಂಪಡೆಯಬೇಕೆಂದೂ, ಯಾವ ಬಣ್ಣದ ಮೈಯಲ್ಲೇ ಆದರೂ ಬಳಲಿಕೆಯನ್ನು ಗುರುತಿಸಲು ಮತ್ತು ಮಗು ಹೇಳಿದ್ದನ್ನು ನಂಬಲು ಶಿಕ್ಷಕರಿಗೆ ತರಬೇತಿ ನೀಡಬೇಕೆಂದೂ, ಇಷ್ಟು ವರ್ಷ ಏಕೆ ನೀಡಲಿಲ್ಲವೆಂಬುದಕ್ಕೆ ಲಿಖಿತ ಉತ್ತರ ಕೊಡಬೇಕೆಂದೂ ಈ ಮೂಲಕ ಕೋರುತ್ತೇನೆ.