ಎರಡು ಭಾಗಗಳ ನಡುವಣ ಗೋಡೆ

ನಗರದ ಹಳೆಯ ಸ್ಮಶಾನದ ಆಡಳಿತವನ್ನು ಬರಿಯ ನೌಕರಿಯೆಂದು ನಡೆಸಿದವರು ಹಲವರು. ಅಲ್ಲಿ ಮಲಗಿರುವವರನ್ನೂ ಅವರನ್ನು ಕಾಣಲು ಬರುವವರನ್ನೂ ಒಂದೇ ಆದರದಿಂದ ಕಂಡವರಲ್ಲಿ, ಇದೀಗ ನಿವೃತ್ತರಾಗಿರುವ ನಮ್ಮ ಮೇಲ್ವಿಚಾರಕಿಯವರದು ಎದ್ದು ಕಾಣುವ ಸ್ಥಾನ. ಕಿರಿಯ ಗುಮಾಸ್ತೆಯಾಗಿ ಸೇರಿದ ಅವರು, ಕ್ರೈಸ್ತ ಭಾಗದ ಶಿಲುಬೆಗಳಿಗೆ ತೋರಿದಷ್ಟೇ ಆಸ್ಥೆಯಿಂದ, ಬಂಧುಗಳು ಬಹುಪಾಲು ಊರು ಬಿಟ್ಟಿದ್ದ ಯಹೂದಿ ಭಾಗದ ಕಲ್ಲುಗಳನ್ನೂ ಮೆದು ಬ್ರಷ್ಷಿನಿಂದ ತೊಳೆಸಿದರು. ನಿಂತು ಸುಸ್ತಾಗುವ ಮುದುಕರಿಗೆಂದು ಕಚೇರಿಯ ಕುರ್ಚಿಯನ್ನು ಸಮಾಧಿಯವರೆಗೆ ತಾವೇ ಹೊತ್ತದ್ದೂ ಉಂಟು.

ಕೆಲವು ವರ್ಷಗಳ ಹಿಂದೆ ಎರಡು ಭಾಗಗಳ ನಡುವಣ ಗೋಡೆ ಉಬ್ಬಿ, ತಗ್ಗಿನಲ್ಲಿದ್ದ ಕ್ರೈಸ್ತ ಭಾಗದತ್ತ ವಾಲಿತು. ಮಳೆಗಾಲಕ್ಕೆ ಮುನ್ನ, ಮೇಲಿನ ಯಹೂದಿ ಭಾಗದಲ್ಲಿ ಗೋಡೆಗೆ ತಾಗಿದ ಸಮಾಧಿಗಳನ್ನು ತೆಗೆದು ಮಣ್ಣಿನ ಭಾರ ಇಳಿಸಬೇಕೆಂದು ಎಂಜಿನಿಯರ್ ಹೇಳಿದರು. ಆ ಸಾಲಿನಲ್ಲಿ ತಾಯಿಯನ್ನು ಮಣ್ಣು ಮಾಡಿದ್ದ ವೃದ್ಧ ಗಡಿಯಾರ ರಿಪೇರಿಯವರು ಕಚೇರಿಗೆ ಬಂದು ನಿಂತರು.

"ಮಲಗಿದವರನ್ನ ನಮ್ಮಲ್ಲಿ ಎಬ್ಬಿಸೋದಿಲ್ಲಮ್ಮ," ಎಂದಷ್ಟೇ ಹೇಳಿದರು.

ಮೇಲ್ವಿಚಾರಕಿಯವರು ಎಂಜಿನಿಯರ್ ಬೆನ್ನು ಬಿಡಲಿಲ್ಲ. "ಕೆಳಗಿನಿಂದ ಆಸರೆ ಕಟ್ಟೋಕೆ ಆಗಲ್ವಾ ಸಾರ್?"

"ಆಗತ್ತೆ. ಆದ್ರೆ ಅಲ್ಲಿ ಖಾಲಿ ಇರೋದು ಒಂದೇ ಜಾಗ. ಅದೂ ಯಾರಿಗೋ ಮೀಸಲಂತೆ."

ಆ ಜಾಗ ಮೇಲ್ವಿಚಾರಕಿಯವರದೇ. ತೀರಿಕೊಂಡ ಪತಿಯ ಪಕ್ಕದಲ್ಲಿ, ತಮಗೆಂದು ಇರಿಸಿಕೊಂಡಿದ್ದದ್ದು. ಅಂದು ಸಂಜೆ ಅವರು ಪತಿಯ ಸಮಾಧಿಯೆದುರು ಬಹಳ ಹೊತ್ತು ಕುಳಿತರು. ಮರುದಿನ ಜಾಗ ಬಿಟ್ಟುಕೊಟ್ಟರು.

"ಅಪ್ಪನ ಪಕ್ಕ ಬೇಡ್ವೇನಮ್ಮಾ ನಿಂಗೆ?" ಎಂದು ಮಗಳು ಕಣ್ಣೀರಿಟ್ಟಳು.

"ನಿಮ್ಮಪ್ಪನ ಗೊರಕೆ ತಾಳಲಾರದೆ ಎಷ್ಟು ವರ್ಷ ಬೇರೆ ರೂಮಲ್ಲಿ ಮಲಗಿದೀನಿ ಕಣೆ. ಅವರೇನೂ ಬೇಜಾರು ಮಾಡ್ಕೊಳ್ಳಲ್ಲ." ಮಾತು ನಗೆಯದಾದರೂ ದನಿ ಒದ್ದೆಯಾಗಿತ್ತು.

ಆಸರೆ ಎದ್ದ ತಿಂಗಳಿಗೇ ಮಳೆ ಹಿಡಿಯಿತು. ಸುರಿದು ಸುರಿದು ಬಿಟ್ಟ ಬೆಳಗ್ಗೆ ಅವರು ಗೋಡೆಯುದ್ದಕ್ಕೂ ಕೈಯಾಡಿಸುತ್ತ ನಡೆದರು. ಒಂದು ಹೊಸ ಬಿರುಕೂ ಇಲ್ಲ. ಗೇಟಿನ ಹೊರಗೆ ಕೊಡೆ ಹಿಡಿದು ಕಾಯುತ್ತಿದ್ದ ರಿಪೇರಿಯವರಿಗೆ, "ಅಮ್ಮ ಆರಾಮಾಗಿ ಮಲಗಿದಾರೆ, ಬನ್ನಿ," ಎಂದರು. ಆ ವೃದ್ಧರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಮಗುವಿನಂತೆ ಅತ್ತು, ಆಮೇಲೆ ನಕ್ಕರು. ಮೇಲ್ವಿಚಾರಕಿಯವರೂ ಪಕ್ಕದಲ್ಲಿ ಕುಳಿತು ಅಂದು ಮೊದಲ ಸಲ ನೆಮ್ಮದಿಯಿಂದ ಉಸಿರುಬಿಟ್ಟರು.

ಬೀಳ್ಕೊಡುಗೆಯ ದಿನ ರಿಪೇರಿಯವರು ಅಳುಕುತ್ತಲೇ ಕೇಳಿದರು: "ನಿಮ್ಮ ಜಾಗ ನಮಗೆ ಕೊಟ್ಬಿಟ್ರಿ. ಈಗ ನೀವೆಲ್ಲಿಗೆ ಹೋಗೋದು?"

"ಸದ್ಯಕ್ಕೆ ಮನೆಗೆ," ಎಂದರು ಅವರು.

ಆ 'ಸದ್ಯ' ದಶಕಗಳವರೆಗೆ ಬೆಳೆಯಲಿ. ಕಲ್ಲು ತೊಳೆಯುವುದನ್ನು ಹೊಸಬರಿಗೆ ಕಲಿಸಲು ಅವರು ವಾರಕ್ಕೊಮ್ಮೆಯಾದರೂ ಬರುತ್ತಿರಲಿ, ಸಂಜೆ ಗೇಟು ಮುಚ್ಚುವ ಮುನ್ನ ನಮ್ಮೊಡನೆ ಹೊರಗೆ ನಡೆಯುತ್ತಿರಲಿ.